ಮುರಿದದ್ದು ಕೈ, ಹೋದದ್ದು ಕಾಲು: ಶಿಡ್ಲಘಟ್ಟ ಕಡೆಯ ಒಬ್ಬ ಅಜ್ಜಿಯ ಪ್ರಕರಣ

"ಮುರಿದಿದ್ದು ಕೈ ಸಾರ್, ಕಾಲಿಗೇನಾಯ್ತು?" ಅಜ್ಜಿಯ ಮಗ ಕೇಳಿದ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿದ್ದೇ ಈ ಪ್ರಕರಣ. ನಾನು ಚಿಕ್ಕಬಳ್ಳಾಪುರದಲ್ಲಿ ಫಿಸಿಯೋಥೆರಪಿ ಮಾಡುವವನು. ಅಜ್ಜಿಗೆ 74 ವರ್ಷ, ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯವರು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಅವರನ್ನೂ ಮನೆಯವರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ. ಇದರಲ್ಲಿ ಅಪರೂಪದ ಕಾಯಿಲೆ ಯಾವುದೂ ಇಲ್ಲ, ನಿಮ್ಮ ಮನೆಯಲ್ಲೂ ಇಂಥದ್ದೇ ನಡೆಯುತ್ತಿರಬಹುದು.

ಹಿನ್ನೆಲೆ ಹೀಗಿದೆ. ಹತ್ತಾರು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಮಾತ್ರೆ. ಬಿ.ಪಿ.ಗೆ ಎರಡು ಮಾತ್ರೆ, ಅದರಲ್ಲಿ ಒಂದು ಮೂತ್ರ ಜಾಸ್ತಿ ಹೋಗಿಸುವಂಥದ್ದು. ಎರಡು ಸಲ ಬಿದ್ದಿದ್ದಾರೆ. ಮೊದಲನೇ ಸಲ ಹುಳು ಮನೆಯಲ್ಲಿ ಕಡ್ಡಿ ಕಾಲಿಗೆ ಸಿಕ್ಕಿ ಸೊಪ್ಪಿನ ಹೊರೆ ಮೇಲೇ ಬಿದ್ದರು. ಏನೂ ಆಗಲಿಲ್ಲ, ಎಲ್ಲರೂ ನಕ್ಕು ಸುಮ್ಮನಾದರು. ಕೆಲವು ತಿಂಗಳ ನಂತರ ಬೆಳಗಿನ ಜಾವ ಬಚ್ಚಲ ಕಡೆ ಹೋಗಲು ಜಗಲಿಯಿಂದ ಅಂಗಳಕ್ಕೆ ಇಳಿಯುವಾಗ ಮೆಟ್ಟಿಲು ತಪ್ಪಿತು. ಕೈ ಊರಿದರು, ಎಡ ಮಣಿಕಟ್ಟಿನ ಮೂಳೆ ಮುರಿಯಿತು. 6 ವಾರ ಪ್ಲಾಸ್ಟರ್.

"ರೆಸ್ಟ್ ಮಾಡಿ" ಅಂತ ಆಸ್ಪತ್ರೆಯಲ್ಲಿ ಹೇಳಿದ್ದು ಕೈಗೆ. ಮನೆಯವರು ಇಡೀ ಅಜ್ಜಿಗೇ ರೆಸ್ಟ್ ಕೊಟ್ಟರು. ಮಂಚದ ಹತ್ತಿರಕ್ಕೇ ಕಾಫಿ, ಮಂಚದ ಮೇಲೇ ಊಟ, ಪಕ್ಕದಲ್ಲೇ ಕಮೋಡ್ ಕುರ್ಚಿ, ಹೊರಗೆ ಕೂತುಕೊಳ್ಳಲು ಒಂದು ಪ್ಲಾಸ್ಟಿಕ್ ಕುರ್ಚಿ, ಏಳುವಾಗ ಕಂಕುಳಿಗೆ ಕೈ ಹಾಕಿ ಎತ್ತಲು ಮೊಮ್ಮಗ, ಹೀಗೆ ಅವರ ಕಾಲಿಗೆ ಇದ್ದ ಕೆಲಸವನ್ನೆಲ್ಲ ಬೇರೆಯವರು ಮಾಡಿಕೊಟ್ಟರು. ಪ್ರೀತಿಯಿಂದಲೇ ಮಾಡಿದ್ದು, ತಪ್ಪು ಹಿಡಿಯೋಕೆ ಮನಸ್ಸು ಬರುವುದಿಲ್ಲ. ಆದರೆ ಜೀವನಪೂರ್ತಿ ಕುಕ್ಕರಗಾಲಿನಲ್ಲಿ ಕೂತು ಸೊಪ್ಪು ಕತ್ತರಿಸಿದ, ಕಳೆ ತೆಗೆದ, ಪಾತ್ರೆ ತೊಳೆದ ಹೆಂಗಸು ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ನೆಲದಿಂದ ಏಳಲಾರದ ಹಾಗಾದರು.

ಇದಕ್ಕೆ ಲೆಕ್ಕವೂ ಇದೆ. 2007ರಲ್ಲಿ ಅಮೆರಿಕದಲ್ಲಿ ಒಂದು ಚಿಕ್ಕ ಅಧ್ಯಯನ ನಡೆಯಿತು. 60 ದಾಟಿದ, ಆರೋಗ್ಯವಾಗಿದ್ದ ಕೆಲವರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಹತ್ತೇ ದಿನಕ್ಕೆ ಕಾಲುಗಳಿಂದ ಹೆಚ್ಚುಕಡಿಮೆ 1 ಕಿಲೋದಷ್ಟು ಕೊಬ್ಬಿಲ್ಲದ ತೂಕ, ಅಂದರೆ ಹೆಚ್ಚಾಗಿ ಮಾಂಸಖಂಡ, ಹೋಗಿತ್ತು. ಅವರು ಕಾಯಿಲೆಯವರಲ್ಲ. ನಮ್ಮ ಅಜ್ಜಿ ಪೂರ್ತಿ ಮಲಗಿರಲಿಲ್ಲ ನಿಜ, ಆದರೆ 10 ದಿನವೂ ಅಲ್ಲ, 6 ವಾರ. ಮೇಲೆ ಸಕ್ಕರೆ ಕಾಯಿಲೆ.

ಮಾಂಸಖಂಡ 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಕರಗುತ್ತಾ ಬರುತ್ತದೆ, 60 ಆದ ಮೇಲೆ ಇನ್ನೂ ಬೇಗ. ಇದಕ್ಕೆ ಸಾರ್ಕೋಪೀನಿಯ ಅಂತ ಹೆಸರು. ಗಾತ್ರಕ್ಕಿಂತ ಶಕ್ತಿ ಬೇಗ ಹೋಗುತ್ತದೆ, ಶಕ್ತಿಗಿಂತಲೂ ಬೇಗ ಹೋಗುವುದು ಚುರುಕು. ಮಾಂಸಖಂಡದಲ್ಲಿ ನಿಧಾನವಾಗಿ, ಸುಸ್ತಾಗದೆ ಕೆಲಸ ಮಾಡುವ ಎಳೆಗಳಿವೆ, ಪಟ್ಟನೆ ಜೋರಾಗಿ ಎಳೆಯುವ ಎಳೆಗಳೂ ಇವೆ. ವಯಸ್ಸಾದಂತೆ ಸೊರಗುವುದು ಹೆಚ್ಚಾಗಿ ಈ ಪಟ್ಟನೆ ಎಳೆಯುವವು. ಅವುಗಳಿಗೆ ಅಪ್ಪಣೆ ಕೊಡುವ ನರಗಳೂ ಕಮ್ಮಿಯಾಗುತ್ತವೆ. ಆದ್ದರಿಂದಲೇ ಅಜ್ಜಿಯರು ನಿಧಾನವಾಗಿ ಮೈಲಿಗಟ್ಟಲೆ ನಡೆದಾರು, ಎಡವಿದಾಗ ಇನ್ನೊಂದು ಕಾಲನ್ನು ಸರಕ್ಕನೆ ಮುಂದಿಟ್ಟು ತಡೆದುಕೊಳ್ಳಲು ಮಾತ್ರ ಆಗುವುದಿಲ್ಲ. ಎಡವುವುದು ನಾವೂ ಎಡವುತ್ತೇವೆ. ಬೀಳುವುದಿಲ್ಲ ಅಷ್ಟೇ.

ಮೊದಲ ದಿನದ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಕೈ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ಕೂರಬೇಕು, 30 ಸೆಕೆಂಡಿನಲ್ಲಿ ಎಷ್ಟು ಸಲ ಅಂತ ಎಣಿಸಬೇಕು. ಈ ವಯಸ್ಸಿನ ಹೆಂಗಸರು 10 ಮುಟ್ಟಬೇಕು. ಅಜ್ಜಿ 3ಕ್ಕೆ ನಿಂತರು. ಮೂರನೆಯದಕ್ಕೆ ಎರಡು ಸಲ ಹಿಂದಕ್ಕೆ ಕುಸಿದು, ಹಲ್ಲು ಕಚ್ಚಿ, ಸೊಂಟ ಮುಂದೆ ತೂಗಿಸಿ ಎದ್ದರು. ಆಮೇಲೆ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರುವುದು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿಯಾದರೆ ಬೀಳುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ. ಅವರಿಗೆ 21 ಆಯಿತು, ಅದರಲ್ಲಿ ಅರ್ಧ ಹೊತ್ತು ತಿರುಗುವುದಕ್ಕೇ ಹೋಯಿತು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಒಂದೇ ಗೆರೆಯಲ್ಲಿ 10 ಸೆಕೆಂಡ್ ನಿಲ್ಲಿ ಅಂದೆ, 3 ಸೆಕೆಂಡಿಗೆ ನನ್ನ ತೋಳು ಹಿಡಿದರು.

ಇಷ್ಟು ನೋಡಿ "ಕಾಲಲ್ಲಿ ಶಕ್ತಿ ಇಲ್ಲ" ಅಂತ ಬರೆದು ವ್ಯಾಯಾಮದ ಹಾಳೆ ಕೊಟ್ಟು ಕಳಿಸಬಹುದಿತ್ತು. ಆದರೆ ಪ್ಲಾಸ್ಟರ್‌ಗೆ ಮುಂಚೆಯೇ ಎರಡು ಸಲ ಬಿದ್ದವರು ಇವರು. ಆಗ ಕಾಲಿನಲ್ಲಿ ಶಕ್ತಿ ಇತ್ತಲ್ಲ? ಹಾಗಾಗಿ ಇನ್ನೊಂದು ಪರೀಕ್ಷೆ ಮಾಡಿದೆ. ಗಟ್ಟಿ ನೆಲದ ಮೇಲೆ ಕಣ್ಣು ಬಿಟ್ಟು ನಿಲ್ಲಿಸಿದಾಗ ಪರವಾಗಿಲ್ಲ. ಕಣ್ಣು ಮುಚ್ಚಿದರೆ ಓಲಾಟ ಶುರು. ನಾಲ್ಕು ಮಡಿಕೆ ಮಾಡಿದ ದಪ್ಪ ಕಂಬಳಿ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಿಸಿದ ತಕ್ಷಣ ಹಿಂದಕ್ಕೆ ವಾಲಿದರು. ಹಿಡಿಯದಿದ್ದರೆ ಬೀಳುತ್ತಿದ್ದರು.

ಮನುಷ್ಯ ನೆಟ್ಟಗೆ ನಿಲ್ಲುವುದು ಮೂರು ಒಲೆಗುಂಡಿನ ಮೇಲೆ ಮಡಕೆ ನಿಂತ ಹಾಗೆ. ಕಣ್ಣು ಒಂದು, ಒಳಕಿವಿ ಒಂದು, ಪಾದ ಮತ್ತು ಕೀಲುಗಳಿಂದ ಬರುವ ಸುದ್ದಿ ಒಂದು. ಮೂರೂ ಸೇರಿ ಮೈ ಎತ್ತ ವಾಲುತ್ತಿದೆ ಅಂತ ಮೆದುಳಿಗೆ ಹೇಳುತ್ತವೆ. ಒಂದು ಸ್ವಲ್ಪ ಸಡಿಲವಾದರೆ ಉಳಿದೆರಡು ಸಂಭಾಳಿಸುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ಕಣ್ಣು ಮುಚ್ಚಿದರೆ ಒಂದನ್ನು ತೆಗೆದ ಹಾಗೆ. ಮೆತ್ತನೆ ಕಂಬಳಿ ಮೇಲೆ ನಿಂತರೆ ಪಾದದ ಸುದ್ದಿಯೂ ನೆಚ್ಚುವ ಹಾಗಿರುವುದಿಲ್ಲ. ಉಳಿಯುವುದು ಒಳಕಿವಿ ಒಂದೇ. ವಯಸ್ಸಾದಂತೆ ಒಳಕಿವಿಯ ಸೂಕ್ಷ್ಮ ಕೂದಲು ಕೋಶಗಳು ಕಮ್ಮಿಯಾಗುತ್ತವೆ, ಹೋದವು ತಿರುಗಿ ಹುಟ್ಟುವುದಿಲ್ಲ. ಅಜ್ಜಿಗೆ ಪಾದವೂ ಸರಿಯಿಲ್ಲ, ಒಳಕಿವಿಯೂ ಸರಿಯಿಲ್ಲ, ಅವರು ನಿಂತಿದ್ದೆಲ್ಲ ಕಣ್ಣಿನ ಬಲದಲ್ಲಿ.

ಆ ಕಣ್ಣಿನ ಕಥೆ ಕೇಳಿ.

ಪಕ್ಕದಲ್ಲಿ ಕೂತಿದ್ದ ಸೊಸೆ ಮಾತಿನ ಮಧ್ಯೆ ಒಂದು ದೂರು ಹೇಳಿದರು. ಎರಡು ವರ್ಷದಿಂದ ಅತ್ತೆ ಹಣ್ಣು ಹುಳು ಆಯುವಾಗ ಹಸಿ ಹುಳುವನ್ನೂ ಸೇರಿಸಿ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆಗೆ) ಹಾಕಿಬಿಡುತ್ತಾರೆ, ಹೇಳಿದರೆ ಸಿಟ್ಟು. ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು: ನಾಲ್ಕನೇ ಜ್ವರ (ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಹುಳು ಒಂದು ವಾರದಷ್ಟು ಕಾಲ ಒಂದೇ ಸಮನೆ ಸೊಪ್ಪು ತಿನ್ನುತ್ತದೆ, ಆಮೇಲೆ ತಿನ್ನುವುದು ಬಿಟ್ಟು ತಲೆ ಎತ್ತಿ ಆಡಿಸುತ್ತದೆ, ಬೆಳ್ಳಗಿದ್ದ ಮೈ ಬೆಳಕು ಹಾಯುವಷ್ಟು ತಿಳಿಯಾಗುತ್ತದೆ. ಅದೇ ಹಣ್ಣು. ಹಸಿ ಹುಳುವಿಗೂ ಹಣ್ಣು ಹುಳುವಿಗೂ ಇರುವ ಬಣ್ಣದ ವ್ಯತ್ಯಾಸ ತೀರಾ ಸೂಕ್ಷ್ಮ, ಅದೂ ಹುಳು ಮನೆಯ ಮಬ್ಬು ಬೆಳಕಿನಲ್ಲಿ. ಐವತ್ತು ವರ್ಷ ಈ ಕೆಲಸ ಮಾಡಿದ ಹೆಂಗಸಿಗೆ ಅದು ತಪ್ಪುತ್ತಿದೆ ಅಂದರೆ ಅದು ಸೋಮಾರಿತನ ಅಲ್ಲ, ಮರೆವೂ ಅಲ್ಲ. ಕಾಣುತ್ತಿಲ್ಲ.

ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. 60 ವರ್ಷದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20 ವರ್ಷದವರದ್ದರ ಮೂರನೇ ಒಂದು ಪಾಲಿನಷ್ಟೇ. ಇದರ ಮೇಲೆ ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹತ್ತಿರದ ಮುಖ ಗುರುತು ಸಿಗುತ್ತದೆ, ಟಿ.ವಿ. ಕಾಣುತ್ತದೆ, ಹಾಗಾಗಿ "ಕಣ್ಣು ಚೆನ್ನಾಗಿದೆ" ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಹೋಗಿದ್ದು ಒಂದೇ ಥರದ ಬಣ್ಣಗಳ ನಡುವಿನ ಅಂಚು ಗುರುತಿಸುವ ಶಕ್ತಿ. ಹಸಿ ಹುಳು ಹಣ್ಣು ಹುಳು ಬೇರೆ ಮಾಡಲು ಬೇಕಾದದ್ದೂ ಅದೇ, ಬೂದು ಸಿಮೆಂಟಿನ ಜಗಲಿ ಎಲ್ಲಿ ಮುಗಿಯಿತು, ಬೂದು ಸಿಮೆಂಟಿನ ಅಂಗಳ ಎಲ್ಲಿ ಶುರುವಾಯಿತು ಅಂತ ನಸುಕಿನಲ್ಲಿ ತಿಳಿಯಲು ಬೇಕಾದದ್ದೂ ಅದೇ. ಅಜ್ಜಿ ಮೆಟ್ಟಿಲು ತಪ್ಪಲಿಲ್ಲ, ಅವರ ಕಣ್ಣಿಗೆ ಅಲ್ಲಿ ಮೆಟ್ಟಿಲೇ ಇರಲಿಲ್ಲ. ಚಂದ್ರಿಕೆ ಮೇಲಿನ ಹಸಿ ಹುಳು ಎರಡು ವರ್ಷ ಮುಂಚೆಯೇ ಇದನ್ನು ಹೇಳಿತ್ತು, ಮನೆಯಲ್ಲಿ ಅದು ಅತ್ತೆ ಸೊಸೆ ಜಗಳವಾಗಿ ಮುಗಿಯಿತು.

ಪಾದದ ಪರೀಕ್ಷೆಗೆ ಒಂದು ಶ್ರುತಿ ಕವಲು, ಸೆಕೆಂಡಿಗೆ 128 ಸಲ ಕಂಪಿಸುವಂಥದ್ದು. ತಟ್ಟಿ ಹೆಬ್ಬೆರಳ ಗಿಣ್ಣಿನ ಮೇಲೆ ಇಟ್ಟೆ. "ತಣ್ಣಗಿದೆ" ಅಂದರು, ಅದುರುವುದು ಗೊತ್ತಾಗಲಿಲ್ಲ. ಎರಡೂ ಕಾಲಲ್ಲಿ ಹಾಗೇ. ಹರಡಿನ ಮೂಳೆ ಮೇಲೆ ಇಟ್ಟಾಗ "ಜುಂ ಅಂತಿದೆ" ಅಂದರು. ಸಕ್ಕರೆ ಕಾಯಿಲೆ ನರಗಳನ್ನು ತಿನ್ನುವುದು ಗೊತ್ತಿರುವ ವಿಷಯ. ಜೊತೆಗೆ ಮೆಟ್‌ಫಾರ್ಮಿನ್ ತುಂಬಾ ವರ್ಷ ತೆಗೆದುಕೊಂಡವರಿಗೆ ಬಿ12 ವಿಟಮಿನ್ ಕಮ್ಮಿಯಾಗುವುದುಂಟು, ಅದೂ ಪಾದದ ಸ್ಪರ್ಶಕ್ಕೆ ಹೊಡೆತ. ಡಾಕ್ಟರ ಹತ್ತಿರ ಕಳಿಸಿದೆ, ರಕ್ತ ಪರೀಕ್ಷೆಯಲ್ಲಿ ಬಿ12 ಕಮ್ಮಿಯೇ ಬಂತು, ವಿಟಮಿನ್ ಡಿ ಕೂಡ. ಇಂಜೆಕ್ಷನ್ ಶುರುವಾಯಿತು. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದರಿಂದ ಬೆನ್ನು, ಕೀಲು ಬಿಗಿದವರನ್ನು ಕಂಡರೆ ಆ ಅನುಮಾನವೂ ಬರುತ್ತದೆ. ಎಕ್ಸ್‌ರೇಯಲ್ಲಿ ಅಂಥದ್ದು ಕಾಣಲಿಲ್ಲ, ಹಾಗಾಗಿ ಅದನ್ನು ಅಲ್ಲಿಗೇ ಬಿಟ್ಟೆವು.

ಬಿ.ಪಿ. ಮಲಗಿಸಿ ನೋಡಿದಾಗ 150/84. ಎಬ್ಬಿಸಿ ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದಾಗ 122/74. ನಿಂತು 3 ನಿಮಿಷದೊಳಗೆ ಮೇಲಿನ ಸಂಖ್ಯೆ 20 ಇಳಿದರೆ ಅದು ಲೆಕ್ಕಕ್ಕೆ ಬರುತ್ತದೆ, ಇಲ್ಲಿ 28. ಅಜ್ಜಿ ಹೇಳುತ್ತಿದ್ದ ತಲೆ ಸುತ್ತು ಇದೇ. ಮಂಚದಲ್ಲಿ ಮಗ್ಗುಲು ಬದಲಿಸುವಾಗ ಬರುವ ಸುತ್ತಲ್ಲ, ಎದ್ದು ನಿಂತಾಗ ಮಾತ್ರ ಬರುವ ಕಣ್ಣು ಕತ್ತಲೆ. ಮಗ್ಗುಲು ಬದಲಿಸುವಾಗ ಸುತ್ತು ತರಿಸುವ ಒಳಕಿವಿಯ ಹರಳು ಜಾರಿದೆಯಾ ಅಂತಲೂ ಮಲಗಿಸಿ ಕತ್ತು ತಿರುಗಿಸಿ ನೋಡಿದೆ, ಇರಲಿಲ್ಲ. ಇನ್ನೂ ಒಂದು ಗೊತ್ತಾಯಿತು: ಮೂತ್ರದ ಮಾತ್ರೆಯನ್ನು ರಾತ್ರಿ ಊಟದ ಮೇಲೆ ನುಂಗುತ್ತಿದ್ದರು, ಆಮೇಲೆ ರಾತ್ರಿಯೆಲ್ಲ ಏಳಬೇಕಲ್ಲ ಅಂತ ಸಂಜೆಯಿಂದ ನೀರೇ ಕುಡಿಯುತ್ತಿರಲಿಲ್ಲ. ವಯಸ್ಸಾದವರಿಗೆ ಬಾಯಾರಿಕೆಯೂ ಕಮ್ಮಿ. ಒಣಗಿದ ಮೈ, ಇಳಿದ ಬಿ.ಪಿ., ನಸುಕಿನ ಬೆಳಕು, ಕಾಣದ ಮೆಟ್ಟಿಲು. ಡಾಕ್ಟರು ಆ ಮಾತ್ರೆಯನ್ನು ಬೆಳಿಗ್ಗೆಗೆ ಹಾಕಿದರು, ಇನ್ನೊಂದರ ಪ್ರಮಾಣ ಇಳಿಸಿದರು. ಇದನ್ನು ಓದಿ ನೀವಾಗಿಯೇ ಮನೆಯವರ ಮಾತ್ರೆ ಬದಲಾಯಿಸಬೇಡಿ ದಯವಿಟ್ಟು.

ಊಟದ ವಿಷಯಕ್ಕೆ ಬಂದರೆ, "ಚೆನ್ನಾಗಿ ತಿಂತಾರೆ ಸಾರ್, ಎರಡು ಹೊತ್ತು ಮುದ್ದೆ" ಅಂದರು. ಹೇಗೆ ತಿನ್ನುತ್ತಾರೆ ಅಂತ ಕೇಳಿದೆ. ದವಡೆ ಹಲ್ಲು ಇಲ್ಲ. ಮುದ್ದೆಗೆ ಹಲ್ಲು ಬೇಡ, ಬಸ್ಸಾರಿನಲ್ಲಿ ಅದ್ದಿ ನುಂಗಿದರಾಯಿತು. ಬಸಿದ ಕಾಳು ತಟ್ಟೆ ಅಂಚಿನಲ್ಲೇ ಉಳಿಯುತ್ತದೆ. ಮಟನ್ ಬಿಟ್ಟು ವರ್ಷಗಳಾಗಿವೆ. ಎಮ್ಮೆ ಹಸು ಇರುವ ಮನೆ, ಆದರೆ ಹಾಲೆಲ್ಲ ಡೇರಿಗೆ, ಮನೆಗೆ ಉಳಿಯುವುದು ಕಾಫಿಗಾಗುವಷ್ಟು. ರಾಗಿಯಲ್ಲಿ ಕ್ಯಾಲ್ಸಿಯಂ ಭರ್ತಿ ಇದೆ, 100 ಗ್ರಾಂಗೆ 350 ಮಿಲಿಗ್ರಾಂ ಹತ್ತಿರ, ಆದರೆ ಪ್ರೋಟೀನ್ 7 ಗ್ರಾಂ ಆಸುಪಾಸು ಅಷ್ಟೇ. ಅಷ್ಟೇ ತೂಕದ ಹುರುಳಿಕಾಳಿನಲ್ಲಿ 20 ಗ್ರಾಂ ದಾಟುತ್ತದೆ. ವಯಸ್ಸಾದವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತ ಹೇಳುತ್ತಾರೆ, 46 ಕಿಲೋ ಅಜ್ಜಿಗೆ 50 ಗ್ರಾಂನಷ್ಟು. ಅವರಿಗೆ ಅದರ ಅರ್ಧ ಸಿಗುತ್ತಿತ್ತೋ ಇಲ್ಲವೋ. ಇನ್ನು ನಾಲಿಗೆ, ಮೂಗು ಮಂದವಾಗಿ ಸಾರಿಗೆ ಮೇಲುಪ್ಪು ಹಾಕಿಕೊಳ್ಳುವ ಚಟ ಬೇರೆ. ಕಿಡ್ನಿ ಪರೀಕ್ಷೆ ಸರಿ ಇತ್ತು, ಹಾಗಾಗಿ ಕಾಳನ್ನು ರುಬ್ಬಿ ಸಾರಿಗೇ ಸೇರಿಸಿ, ಅವರೆ ಕಾಲದಲ್ಲಿ ಹಿತಕಿದ ಬೇಳೆ ಮೆತ್ತಗೆ ಬೇಯಿಸಿ, ದಿನಕ್ಕೆ ಎರಡು ಮೊಟ್ಟೆ, ಒಂದು ದೊಡ್ಡ ಲೋಟ ಹಾಲು ಅಂತ ಹೇಳಿದೆ. ಡೇರಿಗೆ ಹೋಗುವ ಹಾಲಿನಲ್ಲಿ ಒಂದು ಲೋಟ ಕಮ್ಮಿ ಮಾಡಿಸುವುದು ವ್ಯಾಯಾಮ ಮಾಡಿಸುವುದಕ್ಕಿಂತ ಕಷ್ಟವಾಯಿತು!

ವ್ಯಾಯಾಮ ಅಂದ ತಕ್ಷಣ ಮಗ ನಕ್ಕರು. ಈ ವಯಸ್ಸಲ್ಲಿ ಕಸರತ್ತಾ ಅಂತ. 1990ರಲ್ಲಿ ಬಾಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ 90ರ ಆಸುಪಾಸಿನ ಹತ್ತು ಜನರಿಗೆ 8 ವಾರ ಭಾರ ಎತ್ತುವ ತರಬೇತಿ ಕೊಟ್ಟರು, ಮುಗಿಸಿದವರ ತೊಡೆಯ ಶಕ್ತಿ ಸರಾಸರಿ ಶೇ. 174 ಜಾಸ್ತಿಯಾಯಿತು ಅಂತ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ. ನೀವೇ ಕೈ ಕಟ್ಟಿ ಎದ್ದು ಕೂತು ಮಾಡಿ ಅಂದೆ. ಐವತ್ತರ ಗಂಡಸು, ಬೈಕ್ ಇಳಿಯದವರು, ಹತ್ತಕ್ಕೆಲ್ಲ ಉಸಿರು ಬಿಟ್ಟರು. ಆಮೇಲೆ ನಗಲಿಲ್ಲ.

ಶುರು ಮಾಡಿದ್ದು ಕುರ್ಚಿಯಿಂದಲೇ. ಸೀಟಿನ ಮೇಲೆ ಕಂಬಳಿ ಮಡಚಿ ಎತ್ತರ ಮಾಡಿ, ಕೈ ಊರದೆ ಎದ್ದು ಕೂರುವುದು. ಏಳುವುದು ಚುರುಕಾಗಿ, ಕೂರುವುದು ನಿಧಾನವಾಗಿ. ಸುಲಭವಾದ ಹಾಗೆ ಕಂಬಳಿಯ ಒಂದೊಂದೇ ಮಡಿಕೆ ತೆಗೆಯುವುದು, ಆಮೇಲೆ ಕುರ್ಚಿ ಬಿಟ್ಟು ಗಿಡ್ಡ ಸ್ಟೂಲು, ಕೊನೆಗೆ ಮಣೆ. ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತುವುದು. ಒಂದು ಕಿಲೋ ರಾಗಿ ಚೀಲ ಹರಡಿಗೆ ಕಟ್ಟಿ ಕೂತಲ್ಲೇ ಮೊಣಕಾಲು ನೀಟುವುದು. ಇವೆಲ್ಲ ದಿನ ಬಿಟ್ಟು ದಿನ. ಬ್ಯಾಲೆನ್ಸ್ ಮಾತ್ರ ದಿನಾ: ಗೋಡೆ ಪಕ್ಕ ಒಂದು ಗೆರೆ ಮೇಲೆ ನಡೆಯುವುದು, ಅಡ್ಡಡ್ಡ ಹೆಜ್ಜೆ, ನಡೆಯುತ್ತಾ ಕತ್ತು ತಿರುಗಿಸುವುದು, ತಿರುಗುವಾಗ ಕಾಲು ಎತ್ತಿ ಎತ್ತಿ ಇಡುವುದು. ಯಾರಾದರೂ ಪಕ್ಕದಲ್ಲಿ ನಿಂತಿರಲೇಬೇಕು. ಮೊದಲ ವಾರ ತೊಡೆ ನೋವು ಅಂತ ಬಿಟ್ಟುಬಿಟ್ಟಿದ್ದರು. ಅದು ಕೆಲಸ ಮಾಡಿದ ನೋವು, ಗಾಯದ ನೋವಲ್ಲ ಅಂತ ಹೇಳಿ ಮತ್ತೆ ಹಿಡಿಸಬೇಕಾಯಿತು. ಬಿದ್ದರೆ ಏಳುವುದು ಹೇಗೆ ಅಂತಲೂ ಕಲಿಸಿದೆ. ಮಗ್ಗುಲಾಗಿ, ಮೊಣಕಾಲು ಮೊಣಕೈ ಮೇಲೆ ಬಂದು, ಅಂಬೆಗಾಲಿನಲ್ಲಿ ಮಂಚದ ತನಕ ಹೋಗಿ, ಅದನ್ನು ಹಿಡಿದು ಏಳುವುದು. ನನ್ನ ಮಟ್ಟಿಗೆ ಇದೇ ಮುಖ್ಯ. ಬೀಳುವ ಹೆದರಿಕೆಗೇ ಎಷ್ಟೋ ಜನ ನಡೆಯುವುದು ಬಿಡುತ್ತಾರೆ, ಬಿಟ್ಟ ಮೇಲೆ ಕಾಲು ಇನ್ನೂ ಹೋಗುತ್ತದೆ.

ಮನೆಗೆ ಆದ ಖರ್ಚು ಜಾಸ್ತಿ ಏನಲ್ಲ. ಜಗಲಿ ಅಂಚಿಗೆ ಹಳದಿ ಪೇಂಟ್, ಮಂಚದಿಂದ ಬಚ್ಚಲ ತನಕ ರಾತ್ರಿಯೆಲ್ಲ ಉರಿಯುವ ಸಣ್ಣ ಬಲ್ಬು, ಬಚ್ಚಲಲ್ಲಿ ಊರ ವೆಲ್ಡರ್ ಹಾಕಿಕೊಟ್ಟ ಪೈಪಿನ ಹಿಡಿಕೆ. ಸವೆದ ಹವಾಯಿ ಚಪ್ಪಲಿ ಬದಲು ಹಿಂದೆ ಪಟ್ಟಿ ಇರುವ ಚಪ್ಪಲಿ.

ಬಲಗಣ್ಣಿನ ಪೊರೆ ಆಪರೇಷನ್ ಆಯಿತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 70 ದಾಟಿದ ಹೆಂಗಸರ ಮೇಲೆ ಮಾಡಿದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಮೊದಲ ಕಣ್ಣಿನ ಆಪರೇಷನ್ ಬೇಗ ಮಾಡಿಸಿದವರು ಕಾಯುತ್ತಾ ಕೂತವರಿಗಿಂತ ಶೇ. 34 ಕಮ್ಮಿ ಬಿದ್ದರು. "ಬೇಸಿಗೆ ಕಳೀಲಿ, ಬೆಳೆ ಮುಗೀಲಿ" ಅಂತ ಮುಂದೂಡುವವರಿಗೆ ನಾನು ಇದನ್ನೇ ಹೇಳುವುದು.

12 ವಾರಕ್ಕೆ ಮತ್ತೆ ಅಳೆದಾಗ ಕುರ್ಚಿಯಿಂದ 9 ಸಲ ಎದ್ದರು. ನಡೆದು ಬಂದು ಕೂರಲು 13 ಸೆಕೆಂಡ್. ಒಂದೇ ಗೆರೆಯಲ್ಲಿ 10 ಸೆಕೆಂಡ್ ನಿಂತರು. ನಿಂತಾಗ ಬಿ.ಪಿ. ಇಳಿಯುವುದು 12ಕ್ಕೆ ಬಂದಿದೆ, ಕಣ್ಣು ಕತ್ತಲೆ ಇಲ್ಲ. ಹೆಬ್ಬೆರಳಿಗೆ ಸ್ಪರ್ಶ ಮಾತ್ರ ಬರಲಿಲ್ಲ. ಕಂಬಳಿ ಮೇಲೆ ಕಣ್ಣು ಮುಚ್ಚಿ ನಿಲ್ಲುವುದೂ ಹೆಚ್ಚುಕಡಿಮೆ ಅಷ್ಟೇ. ಉತ್ತಿದ ಹೊಲದಲ್ಲಿ ಕತ್ತಲಲ್ಲಿ ನಡೆಯುವ ಹಾಗೇ ಇಲ್ಲ ಅಂತ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಹಗಲು ಬೆಳಕಿನಲ್ಲಿ, ಕೆಳಗಿನ ಅಂತಸ್ತಿನ ತಟ್ಟೆಗಳಲ್ಲಿ ಹುಳು ಆಯುತ್ತಾರೆ. ಮೇಲಿನ ಅಂತಸ್ತು ಸೊಸೆಯದು.

ಕಿವಿ ವಿಷಯದಲ್ಲಿ ನಾನು ಸೋತೆ. ವಯಸ್ಸಿನ ಕಿವುಡು ಮೊದಲು ತಿನ್ನುವುದು ತೀಕ್ಷ್ಣ ಸ್ವರಗಳನ್ನು. ಹಾಗಾಗಿ ಮಾತು ಕೇಳುತ್ತದೆ, ಸ, ಶ, ಚ ಕೇಳುವುದಿಲ್ಲ, ಪದ ತಿಳಿಯುವುದಿಲ್ಲ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಅಜ್ಜಿ ನಿಂತೇ ಉತ್ತರ ಕೊಡುತ್ತಾರೆ. ಕೇಳಿಸಿಕೊಳ್ಳಲು ಅಷ್ಟು ಗಮನ ಬೇಕು, ಕಾಲಿಗೆ ಉಳಿಯುವುದಿಲ್ಲ. ಹಿಂದಿನಿಂದ ಬರುವ ಬೈಕು ಹತ್ತಿರ ಬಂದ ಮೇಲೇ ಗೊತ್ತಾಗುವುದು. ಕಿವಿಗೆ ಮಿಷಿನ್ ಹಾಕಿಸಿ ಅಂದರೆ "ನಂಗೆ ಕೇಳಿಸ್ತದೆ, ನೀವು ನೆಟ್ಟಗೆ ಮಾತಾಡಿ" ಅನ್ನುತ್ತಾರೆ.

ಎಡಗಣ್ಣಿನ ಆಪರೇಷನ್ ಬಾಕಿ ಇದೆ. ಸುಮ್ನೆ ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದಿದೆ ಅಂದರೆ ಮೂಳೆ ಟೊಳ್ಳಾಗಿದೆ ಅಂತಲೇ ಅರ್ಥ. ಅದಕ್ಕೆ ವಾರಕ್ಕೊಂದು ಮಾತ್ರೆ ಶುರುವಾಗಿದೆ, ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬಾರದು. ಕೋಲು ಹಿಡಿಯಿರಿ ಅಂದದ್ದಕ್ಕೆ ಒಪ್ಪಲೇ ಇಲ್ಲ, ಊರವರು ಮುದುಕಿ ಅಂತಾರಂತೆ. ಬಿಸಿಲಿರಲಿ ಮಳೆಯಿರಲಿ ಮಡಚಿದ ಛತ್ರಿ ಊರಿಕೊಂಡು ಹೋಗುತ್ತಾರೆ. ಛತ್ರಿ ಗಿಡ್ಡ, ಬೆನ್ನು ಬಗ್ಗುತ್ತದೆ, ತುದಿ ಜಾರುತ್ತದೆ. ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಎತ್ತರಕ್ಕೆ ಬರುವಂಥ ಉದ್ದನೆ ಛತ್ರಿ ನೋಡಿ, ತುದಿಗೆ ದಪ್ಪ ರಬ್ಬರ್ ಬುಶ್ ಹಾಕಿಸಿ ಅಂತ ಮಗನಿಗೆ ಹೇಳಿ ಕಳಿಸಿದ್ದೇನೆ.